ಸೋಮವಾರದ ನಕ್ಷೆಯಲ್ಲಿ ನಮ್ಮೂರು

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ಸೂಜಿ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನವಾಗಿ ಓದುತ್ತೀ. ಹೊಸ ಶಾಲೆಗೆ ಹೊಂದಿಕೊಂಡಿದ್ದಾಳೆ. ನನ್ನ ಕೈಯಲ್ಲಿ ಜಡೆ ಹಾಕಿಸಿಕೊಳ್ಳುವುದಕ್ಕೆ ಮಾತ್ರ ಒಪ್ಪುತ್ತಿಲ್ಲ. ಅವಳಮ್ಮ ತೀರಿಕೊಂಡ ಮೇಲೆ ನೀನೇ ಹಾಕುತ್ತಿದ್ದೆಯಲ್ಲ, ಆ ಬಿಗಿ ನನಗೆ ಬರುವುದಿಲ್ಲವಂತೆ. "ಅಪ್ಪ ಹಲ್ಲಿಗೆ ತಂತಿ ಬಿಗಿದ ಹಾಗೆ ಬಿಗೀತಾರೆ. ನಿಮ್ದು ಗಾಳಿಗೇ ಬಿಚ್ಚಿಹೋಗತ್ತೆ ಅತ್ತೆ" ಅಂದಳು. ಒಂಬತ್ತು ವರ್ಷದ ಬಾಯಿ! ಸೂಜಿ ಎಂದು ಹೆಸರಿಟ್ಟವನು ನೀನು, ಚುಚ್ಚಿಸಿಕೊಳ್ಳುತ್ತಿರುವವಳು ನಾನು.

ಪತ್ರಿಕೆಯಲ್ಲಿ ನನಗೆ ಹೊಸ ಕೆಲಸ ಕೊಟ್ಟಿದ್ದಾರೆ. ಪ್ರತಿ ಸೋಮವಾರ ಏಳನೆಯ ಪುಟದಲ್ಲಿ 'ಈ ವಾರದ ಮುನ್ನಡೆ' ಎಂಬ ನಕ್ಷೆ ಬರುತ್ತದೆ. ಉಗ್ರರ ವಿರುದ್ಧದ ಕಾರ್ಯಾಚರಣೆ ಎಲ್ಲಿಗೆ ಬಂತು ಎಂದು ಓದುಗರಿಗೆ ಒಂದೇ ನೋಟಕ್ಕೆ ತಿಳಿಯಬೇಕು. ಅವರ ಹಿಡಿತದಲ್ಲಿರುವ ಊರು ಕೆಂಪು, ಹಿಡಿತ ಸಡಿಲಿದ ಊರು ಹಳದಿ, ಬಿಡಿಸಿಕೊಂಡ ಊರು ಹಸಿರು. ನಕ್ಷೆ ಬರೆದು ಬಣ್ಣ ತುಂಬುವುದು ನಾನು. ವಾರವಾರವೂ ಸರ್ಕಾರದ ವಕ್ತಾರರು ಬಂದು "ಉಗ್ರರ ಬೆನ್ನೆಲುಬು ಮುರಿದಿದ್ದೇವೆ" ಎಂದು ಹೇಳಿಹೋಗುತ್ತಾರೆ. ನನಗೆ ತಿಳಿದಂತೆ ಇದು ಐದನೆಯ ಬೆನ್ನೆಲುಬು. ನಮ್ಮ ಮುಖ್ಯ ಉಪಸಂಪಾದಕ ಮಾತ್ರ ಅಷ್ಟು ಸುಲಭವಾಗಿ ನಂಬುವ ಆಸಾಮಿಯಲ್ಲ. ಹಣೆಯ ಮೇಲೊಂದು, ಮೂಗಿನ ಮೇಲೊಂದು ಇಟ್ಟುಕೊಂಡಿರುವುದರಿಂದ ಅವನನ್ನು ನಾವು ಕನ್ನಡಕ ಎನ್ನುತ್ತೇವೆ. "ವಕ್ತಾರರು ಹೇಳಿದ್ರೆ ಸಾಲದು ಕಣಮ್ಮ, ಊರೊಳಗಿರೋರು ಒಬ್ಬರಾದ್ರೂ ಹೂಂ ಅನ್ಬೇಕು. ಆಮೇಲೆ ಬಣ್ಣ ಹಚ್ಚು" ಅನ್ನುತ್ತಾನೆ. ಫೋನು ಕತ್ತರಿಸಿದ ಊರುಗಳಲ್ಲಿ ಹೂಂ ಅನ್ನುವವರನ್ನು ಎಲ್ಲಿಂದ ತರೋಣ?

ನಿಮ್ಮೂರು ಇನ್ನೂ ಕೆಂಪು. ಅದು ಹಸಿರಾದ ವಾರವೇ ಮನೆಗೆ ಕಳಿಸುತ್ತೇನೆ ಎಂದು ಸೂಜಿಗೆ ಮಾತು ಕೊಟ್ಟಿದ್ದೇನೆ. ಅಲ್ಲಿ ನಿಜವಾಗಿ ಹೇಗಿದೆ, ಬರಿ. ನಿನ್ನ ಪತ್ರ ಒಡೆಯುವುದೂ ಜೋರಾಗಿ ಓದುವುದೂ ಅವಳೇ. ನಾನು ಕೇಳುವವಳು ಮಾತ್ರ.

ನಿನ್ನ ಅಕ್ಕ


ಮಾರ್ಚ್ 15

ಅಕ್ಕಾ,

ನಿನ್ನ ಪತ್ರ ಮೈತುಂಬ ಅಂಟುಪಟ್ಟಿ ಹಚ್ಚಿಕೊಂಡು ಬಂತು. ದಾರಿಯಲ್ಲಿ ಯಾರೋ ಓದಿದ್ದಾರೆ. ಓದಿದವರಿಗೂ ನಮಸ್ಕಾರ. ಸೂಜಿ, ಅತ್ತೆಯನ್ನು ಗೋಳು ಹೊಯ್ದುಕೊಳ್ಳಬೇಡ. ಜಡೆಗೆ ನೀರು ಹಚ್ಚಿಕೊಂಡು ಹೆಣೆಯಲು ಹೇಳು, ನಿಲ್ಲುತ್ತದೆ.

ಇಲ್ಲಿ ಎಲ್ಲ ಎಂದಿನಂತೆ. ಅಂಗಡಿಗಳು ಬೆಳಿಗ್ಗೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ. ಊರಿಗಿರುವ ಒಬ್ಬನೇ ಹಲ್ಲಿನ ವೈದ್ಯನಿಗೆ ಮಾತ್ರ ಕೈತುಂಬ ಕೆಲಸ. ಕ್ಲಿನಿಕ್ ತೆರೆದ ಮೇಲೆ ಇಷ್ಟು ಜನ ಎಂದೂ ಬಂದಿರಲಿಲ್ಲ. ಹೊರಗಿನ ಬೆಂಚು ಸಾಲದೆ ಪಕ್ಕದ ದರ್ಜಿಯಿಂದ ಕುರ್ಚಿ ಕೇಳಿ ತಂದಿದ್ದೇನೆ. ಹೆಚ್ಚಿನವರದು ದವಡೆ ಹಲ್ಲಿನ ತಕರಾರು. ಕೆಲವು ಸೀಳಿವೆ, ಕೆಲವು ಅಂಚು ಸವೆದು ಚಪ್ಪಟೆಯಾಗಿವೆ. ಮಲಗುವಾಗ ಹಾಕಿಕೊಳ್ಳಲು ಹಲ್ಲಿನ ಕವಚ ಮಾಡಿಕೊಡುತ್ತಿದ್ದೇನೆ. ಅಚ್ಚು ತೆಗೆಯುವ ಪುಡಿ ಮುಗಿಯುತ್ತ ಬಂತು.

ದರ್ಜಿಯ ತಮಾಷೆ ಎಂದಿನಂತೆ ನಡೆದಿದೆ. "ಡಾಕ್ಟ್ರೇ, ಈ ಊರಲ್ಲಿ ಧೈರ್ಯವಾಗಿ ಬಾಯಿ ಬಿಡೋ ಜಾಗ ಅಂದ್ರೆ ನಿಮ್ದೊಂದೇ" ಅನ್ನುತ್ತಾನೆ. ಸೂಜಿಗೆ ಬೇಸಿಗೆಗೆ ಒಂದು ಫ್ರಾಕು ಹೊಲಿಯಲು ಹೇಳಿದ್ದೇನೆ. ಅಳತೆಗೆ ಎರಡು ಬೆರಳು ಹೆಚ್ಚಿಗೆ ಸೇರಿಸು ಅಂದೆ. ಸರಿ ತಾನೆ?

ನಿನ್ನ ತಮ್ಮ


ಮಾರ್ಚ್ 25

ಪ್ರೀತಿಯ ತಮ್ಮನಿಗೆ,

ಎರಡು ಬೆರಳು ಸಾಲದು, ನಾಲ್ಕು ಸೇರಿಸು. ಅವಳ ಅತ್ತೆ ಚೆನ್ನಾಗಿ ಉಣ್ಣಿಸುತ್ತಿದ್ದಾಳೆ ಎಂದು ದರ್ಜಿಗೆ ಹೇಳು.

ನಿನ್ನ ಪತ್ರವನ್ನು ಸೂಜಿ ಮೂರು ಸಲ ಓದಿದಳು, ನಾನು ಅವಳಿಗೆ ಕಾಣದಂತೆ ನಾಲ್ಕನೆಯ ಸಲ. ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಜನ ಮನೆಯಿಂದ ಹೊರಗೆ ಬಂದು, ಸಾಲಿನಲ್ಲಿ ಕೂತು, ಹಲ್ಲು ತೋರಿಸಿಕೊಳ್ಳುತ್ತಾರೆ ಎಂದರೆ! ಜೀವಕ್ಕೆ ಹೆದರಿದವರು ಹಲ್ಲಿನ ಬಗ್ಗೆ ಯೋಚಿಸುತ್ತಾರೆಯೇ?

ನಿನ್ನೆಯ ನಕ್ಷೆ ನೋಡಿದೆಯಾ? ನಿಮ್ಮೂರು ಹಳದಿ! ವಕ್ತಾರರು ಹೇಳಿದ್ದರು, ಜೊತೆಗೆ ಊರೊಳಗಿನಿಂದ ನಮಗೆ ಒಳ್ಳೆಯ ಮಾಹಿತಿಯೂ ಸಿಕ್ಕಿತು. ಯಾರಿಂದ ಎಂದು ಕೇಳಬೇಡ, ನಮ್ಮಲ್ಲಿ ಹೇಳುವ ಪದ್ಧತಿಯಿಲ್ಲ. "ಗಟ್ಟಿ ಆಳೇನಮ್ಮಾ?" ಎಂದು ಕನ್ನಡಕ ಕೇಳಿದ. "ನನ್ನಷ್ಟೇ ಗಟ್ಟಿ" ಅಂದೆ. ನಾನೇ ಕೈಯಾರೆ ಕೆಂಪನ್ನು ಅಳಿಸಿದೆ. ಸೂಜಿ ಆ ಪುಟ ಕತ್ತರಿಸಿ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ.

ನಿನ್ನ ಅಕ್ಕ


ಏಪ್ರಿಲ್ 5

ಅಕ್ಕಾ,

ಪತ್ರಿಕೆ ತಡವಾಗಿಯಾದರೂ ಬಂತು. ಹಳದಿ ಬಣ್ಣವನ್ನು ತುಂಬ ಹೊತ್ತು ನೋಡಿದೆ.

ವಕ್ತಾರರ ಮಾತಾಗಿದ್ದರೆ ಪುಟ ತಿರುವಿಬಿಡುತ್ತಿದ್ದೆ. ಆದರೆ ಇದು ನಿನ್ನ ಕೈಯದು. ಗೊತ್ತಿಲ್ಲದೆ ನೀನು ಒಂದು ಚುಕ್ಕೆಯನ್ನೂ ಇಡುವವಳಲ್ಲ. ಅಂದರೆ ನನಗಿಂತ ಹೆಚ್ಚು ಬಲ್ಲವರು ಯಾರೋ ನಿನಗೆ ಹೇಳಿದ್ದಾರೆ. ನನ್ನ ಕಿಟಕಿಯಿಂದ ಕಾಣುವುದು ಒಂದು ಬೀದಿ, ಒಂದು ದೀಪದ ಕಂಬ. ದೀಪ ಹಾಕದೆ ಹೋಗುವ ಬೈಕುಗಳು ಯಾರವೋ ಅಂದುಕೊಂಡಿದ್ದೆ. ಗಸ್ತಿನವರದೇ ಇರಬಹುದು. ಊರು ಹೇಗಿದೆ ಎಂದು ಊರಿನೊಳಗೆ ಕೂತವನಿಗೆ ಕಾಣುವುದಿಲ್ಲ, ಮೇಲಿನಿಂದ ನೋಡಿದವರಿಗೇ ಕಾಣುವುದು ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ.

ಸೂಜಿ, ನಿನ್ನ ಫ್ರಾಕು ತಡವಾಗಬಹುದು. ದರ್ಜಿ ನಾಲ್ಕು ದಿನದಿಂದ ಅಂಗಡಿ ತೆರೆದಿಲ್ಲ. ಬಟ್ಟೆ ಕತ್ತರಿಸಿ ಮೇಜಿನ ಮೇಲೆ ಹಾಗೇ ಬಿಟ್ಟಿದ್ದಾನೆ, ಚಪ್ಪಲಿಯೂ ಹೊಸ್ತಿಲ ಹತ್ತಿರವೇ ಇದೆ. ಮಾವನ ಮನೆಗೆ ಹೋಗಿರಬೇಕು.

ಅಕ್ಕಾ, ನೀನು ಹಸಿರು ಹಚ್ಚಿದ ದಿನ ನನಗೆ ಇನ್ನು ಯಾವ ಸಾಕ್ಷಿಯೂ ಬೇಡ. ಸೂಜಿಯನ್ನು ಕಳಿಸು. ಮನೆ ತುಂಬ ಸದ್ದಿಲ್ಲದೆ ಕೂತಿದೆ.

ನಿನ್ನ ತಮ್ಮ


ಏಪ್ರಿಲ್ 14

ಪ್ರೀತಿಯ ತಮ್ಮನಿಗೆ,

ಹಸಿರು! ಇವತ್ತಿನ ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ನಕ್ಷೆಯ ಕೆಳಗಿನ ಸುದ್ದಿಯನ್ನೂ ಓದು, ಆದರೆ ಕೋಪ ಮಾಡಿಕೊಳ್ಳಬೇಡ. 'ಊರಿನಲ್ಲಿ ಜನಜೀವನ ಸಹಜವಾಗಿದೆ. ತಮ್ಮ ಕ್ಲಿನಿಕ್ ಎಂದಿಗಿಂತಲೂ ತುಂಬಿದೆ ಎನ್ನುವ ಸ್ಥಳೀಯ ದಂತವೈದ್ಯರೊಬ್ಬರು, ದೂರದಲ್ಲಿರಿಸಿದ್ದ ಮಗಳನ್ನೂ ಮನೆಗೆ ಕರೆಸಿಕೊಳ್ಳುತ್ತಿದ್ದಾರೆ.'

ಹೌದು ಮಾರಾಯ, ನಮ್ಮ ಒಳಗಿನ ಗಟ್ಟಿ ಆಳು ನೀನೇ! ಹಳದಿಯಾದದ್ದೂ ನಿನ್ನ ಮಾರ್ಚ್ ತಿಂಗಳ ಪತ್ರದಿಂದಲೇ. ಮೊದಲೇ ಹೇಳಿದ್ದರೆ ನೀನು ನಾಚಿಕೊಂಡು ಬರೆಯುವುದನ್ನೇ ನಿಲ್ಲಿಸುತ್ತಿದ್ದೆ. ಮಗಳ ವಿಷಯ ಸೇರಿಸಿದವನು ಕನ್ನಡಕ. "ಇಡೀ ಪುಟಕ್ಕೆ ಜೀವ ಬಂತು ನೋಡಮ್ಮ" ಅಂದ. ಹೆಸರು ಹಾಕಿಲ್ಲ, ಹೆದರಬೇಡ.

ಶನಿವಾರದಿಂದ ಬಸ್ಸು ಶುರುವಾಗುತ್ತದೆ. ಸೋಮವಾರ, ಬುಧವಾರ, ಶನಿವಾರ. ಮಧ್ಯಾಹ್ನ ಅಲ್ಲಿಗೆ ಮುಟ್ಟಿ ಮೂರು ಗಂಟೆಗೆ ವಾಪಸು ಹೊರಡುತ್ತದೆ. ಪತ್ರಿಕೆಯ ಕಟ್ಟೂ ಅದರಲ್ಲೇ ಬರುತ್ತದೆ. ರಸ್ತೆಯ ಚೆಕ್‌ಪೋಸ್ಟ್ ತೆಗೆದಿದ್ದಾರೆ, ಗಸ್ತಿನವರನ್ನು ಕೆಂಪು ಊರುಗಳ ಕಡೆಗೆ ಕಳಿಸುತ್ತಾರಂತೆ. ಪರೀಕ್ಷೆ ಮುಗಿಸಿಕೊಂಡು ಸೂಜಿ ಮೇ ಮೂರರ ಶನಿವಾರ ಬರುತ್ತಾಳೆ. ಈಗಲೇ ಚೀಲ ತುಂಬಿದ್ದಾಳೆ. ಹಲ್ಲುಜ್ಜುವ ಬ್ರಷ್ಷೂ ಒಳಗೆ ಹೋಗಿರುವುದರಿಂದ ದಿನಾ ಬೆಳಿಗ್ಗೆ ಚೀಲ ಬಿಚ್ಚಿ ಕಟ್ಟುವ ಕೆಲಸ ನನ್ನದು.

ನಿನ್ನ ಅಕ್ಕ


ಏಪ್ರಿಲ್ 23

ಅಕ್ಕಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಬಸ್ಸಿನ ಚಾಲಕ ಕೈಯಾರೆ ನಿನಗೇ ಕೊಡುತ್ತಾನೆ. ಅವನ ಹಲ್ಲಿನ ಬೇರಿಗೆ ಔಷಧಿ ತುಂಬುತ್ತಿದ್ದೇನೆ, ಇನ್ನೂ ಕೆಲವು ಸಲ ಕ್ಲಿನಿಕ್‌ಗೆ ಬರಬೇಕಾಗುತ್ತದೆ. ಸೂಜಿಗೆ ಇದನ್ನು ಓದಲು ಕೊಡಬೇಡ.

ಅವಳನ್ನು ಕಳಿಸಬೇಡ. ನಾನು ಅಂಚೆಯಲ್ಲಿ ಏನೇ ಬರೆದರೂ, ಎಷ್ಟೇ ಕರೆದರೂ ಕಳಿಸಬೇಡ.

ನಿನ್ನ ಪುಟ ಊರಿಗೆ ಬಂದ ಮರುದಿನ ಒಬ್ಬ ಬಂದ. ಕೆನ್ನೆ ಹಿಡಿದುಕೊಂಡಿದ್ದ. ನಿಜವಾಗಿಯೂ ಹುಳುಕು ಹಲ್ಲೇ. ಕುರ್ಚಿಯಲ್ಲಿ ಒರಗಿಕೊಂಡು, "ಪೇಪರ್‌ನಲ್ಲಿ ಬಂದಿರೋದು ನೀವೇ ಅಲ್ವಾ ಡಾಕ್ಟ್ರೇ? ಊರಿಗಿರೋದೇ ಒಬ್ರು" ಅಂದ. ನನ್ನ ಕೈಯಲ್ಲಿದ್ದ ಕನ್ನಡಿ ಅವನ ಹಲ್ಲಿಗೆ ತಾಗಿ ಟಕಟಕ ಅನ್ನತೊಡಗಿತು. ನಾನು ಯಾರಿಗೂ ಏನೂ ಹೇಳಿಲ್ಲ ಅಂದೆ.

"ಅಯ್ಯೋ, ಯಾಕೆ ನಡುಗ್ತೀರಿ? ಒಳ್ಳೇ ಕೆಲಸಾನೇ ಮಾಡಿದ್ದೀರಲ್ಲ. ನಾವು ಮುಗಿದೇಹೋದ್ವಿ ಅಂತ ಪೇಪರ್‌ನಲ್ಲಿ ಬಂತು, ಗಸ್ತು ಹೋಯ್ತು. ಇಷ್ಟು ನೆಮ್ಮದಿಯಾಗಿ ನಾನು ಮಲಗಿ ಎರಡು ವರ್ಷ ಆಗಿತ್ತು. ಅಕ್ಕ ಅಲ್ಲೇ ಕೆಲಸದಲ್ಲಿದ್ದಾರಂತೆ? ಹೀಗೇ ಬರೀತಾ ಇರಿ."

ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, "ಮಗಳು ಬರ್ತಾಳಂತಲ್ಲ, ಬರ್ಲಿ. ಮಗು ಮನೇಲಿದ್ರೆ ನಿಮ್ಗೂ ಬರೆಯೋಕೆ ಮನಸ್ಸು ಬರತ್ತೆ" ಅಂದ. ಅವತ್ತಿನಿಂದ ದಿನವೂ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಾನೆ. ನೋವು ಮರುದಿನವೇ ಹೋಗಿದೆ, ಆದರೂ ಕೆನ್ನೆ ಹಿಡಿದೇ ಕೂರುತ್ತಾನೆ.

ನನ್ನ ಕ್ಲಿನಿಕ್ ಯಾಕೆ ತುಂಬಿದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಓದುವವಳು ಸೂಜಿ ಎಂದು. ಹಲ್ಲು ಹಾಗೆ ಸವೆಯುವುದು ನಿದ್ದೆಯಲ್ಲಿ ಕಡಿಯುವುದರಿಂದ ಅಕ್ಕಾ. ಇಡೀ ಊರು ಹಲ್ಲು ಕಡಿಯುತ್ತ ಮಲಗುತ್ತದೆ. ಮೊನ್ನೆ ಅಚ್ಚು ತೆಗೆದ ಬಾಯಿ ಆರು ವರ್ಷದ ಮಗುವಿನದು. ದರ್ಜಿ ಮಾವನ ಮನೆಗೆ ಹೋಗಿಲ್ಲ. ಅವನ ಹೆಂಡತಿ ಬಂದು ಚಪ್ಪಲಿ ತೆಗೆದುಕೊಂಡು ಹೋದಳು.

ನನಗಿಂತ ಹೆಚ್ಚು ಬಲ್ಲವರು ನಿನಗೆ ಹೇಳಿದ್ದಾರೆ ಎಂದುಕೊಂಡು ನಿನ್ನ ನಕ್ಷೆ ನಂಬಿದೆ. ನೀನು ನನ್ನನ್ನು ನಂಬಿ ಅದನ್ನು ಬರೆದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾವಿಗೆ ಇಳಿದೆವು.

ಬಣ್ಣ ಮಾತ್ರ ಬದಲಾಯಿಸಬೇಡ. ಬದಲಾದರೆ ನಾನೇ ತಿಳಿಸಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಹೇಡಿ ಎಂದು ಬೇಕಾದರೆ ಬೈದುಕೋ.

ತಮ್ಮ


ಏಪ್ರಿಲ್ 24

ಪ್ರೀತಿಯ ಅಕ್ಕನವರಿಗೆ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ತಾವೂ ಕ್ಷೇಮವೆಂದು ನಂಬಿದ್ದೇನೆ. ಊರಿನಲ್ಲಿ ಸಂಪೂರ್ಣ ಶಾಂತಿ ನೆಲೆಸಿದೆ. ಗಸ್ತಿನ ಅವಶ್ಯಕತೆ ಇಲ್ಲವೆಂದು ಜನ ಮಾತನಾಡಿಕೊಳ್ಳುತ್ತಿದ್ದಾರೆ. ಇದನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಬಹುದು. ನನ್ನ ಮಗಳನ್ನು ನಿಗದಿಯಾದ ದಿನವೇ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ. ನಿಲ್ದಾಣಕ್ಕೆ ನಾನು ಬರದಿದ್ದರೂ ಅವಳನ್ನು ಮನೆಗೆ ತಲುಪಿಸಲು ನನ್ನ ಸ್ನೇಹಿತರೊಬ್ಬರು ಬರುತ್ತಾರೆ.

ಇಂತಿ ತಮ್ಮ ಸಹೋದರ


ಏಪ್ರಿಲ್ 30

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ತಲುಪಿ ತುಂಬ ಸಂತೋಷವಾಯಿತು. ನಮ್ಮ ಸಂಪಾದಕರಿಗೂ ತೋರಿಸಿದೆ, ಮೆಚ್ಚಿಕೊಂಡರು. ನಿಮ್ಮೂರು ಹಸಿರಾಗಿಯೇ ಇದೆ.

ಒಂದು ಸಣ್ಣ ತೊಂದರೆಯಾಗಿದೆ. ಮಗುವಿಗೆ ಮೈತುಂಬ ಗುಳ್ಳೆ ಎದ್ದಿದೆ. ಅಂಟುಜಾಡ್ಯ, ಮೂರು ವಾರ ಬಸ್ಸು ಹತ್ತಿಸಬೇಡಿ ಅಂದರು ವೈದ್ಯರು. ಗುಣವಾದ ಕೂಡಲೇ ನಾನೇ ಕರೆತರುತ್ತೇನೆ. ಕರೆದುಕೊಂಡು ಹೋಗಲು ಬರುವ ನಿನ್ನ ಸ್ನೇಹಿತರಿಗೆ ನನ್ನ ನಮಸ್ಕಾರ ತಿಳಿಸು. ಅವರ ಉಪಕಾರ ದೊಡ್ಡದು.

ನಿನ್ನ ಅಕ್ಕ


ಮೇ 2

ತಮ್ಮಾ,

ಇದು ಚಾಲಕನ ಕೈಯಲ್ಲಿ. ನಾಳೆ ಶನಿವಾರ ಮಧ್ಯಾಹ್ನ ನಿನಗೆ ಸಿಗುತ್ತದೆ. ಓದಿ ಹರಿದುಹಾಕು.

ಸೂಜಿಗೆ ಏನೂ ಆಗಿಲ್ಲ. ಮನೆಗೆ ಹೋಗುವುದಿಲ್ಲ ಎಂದು ತಿಳಿದ ಮೇಲೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಗೋಡೆಯ ಮೇಲಿನ ಹಸಿರು ತೋರಿಸಿ "ನೀವೇ ತಾನೆ ಬರೆದಿದ್ದು? ಮತ್ತೆ ಸುಳ್ಳಾ?" ಎಂದು ಕೇಳಿದಳು. ಅದೇ ಕೊನೆಯ ಮಾತು.

ಬೈಯುವುದಕ್ಕೆ ನನಗೆ ಯಾವ ಬಾಯಿ ಇದೆ? ನೀನು ಹೇಳಿದಂತೆಯೇ ಬಣ್ಣ ಬದಲಿಸದೆ ಬಿಡಬೇಕೆಂದಿದ್ದೆ. ಆದರೆ ಬುಧವಾರ ಅಂಚೆ ಪತ್ರ ಹಾಕಿ, ಚಾಲಕನನ್ನು ಕಾಣಲು ನಿಲ್ದಾಣಕ್ಕೆ ಹೋದೆ. ನಿಮ್ಮೂರಿನ ಬಸ್ಸು ಭರ್ತಿಯಾಗಿತ್ತು. ಹಾಸಿಗೆ ಸುರುಳಿ, ಪಾತ್ರೆ, ಮಕ್ಕಳು. ಒಬ್ಬ ಹುಡುಗ ಹಕ್ಕಿಯ ಪಂಜರ ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ತಾಯಿ ನಕ್ಷೆಯ ಪುಟವನ್ನು ಮಡಚಿ ಟಿಕೆಟ್ಟಿನ ಜೊತೆ ಹಿಡಿದಿದ್ದಳು. "ಅಲ್ಲಿ ಪರವಾಗಿಲ್ವಂತಾ?" ಎಂದು ಪಕ್ಕದವಳು ಕೇಳಿದ್ದಕ್ಕೆ, "ಹಸಿರು ಬಂದಿದೆಯಲ್ರೀ. ಅಲ್ಲಿನ ಡಾಕ್ಟ್ರು ಮಗಳನ್ನೇ ಕರೆಸ್ಕೊಳ್ತಿದ್ದಾರಂತೆ" ಅಂದಳು. ಇಳಿಯಿರಿ ಎಂದು ಕೂಗಬೇಕೆನಿಸಿತು. ಕೂಗಿದರೆ ನಿನ್ನ ಹೆಸರು ಹೇಳಬೇಕಾಗುತ್ತಿತ್ತು. ಬಸ್ಸು ಹೊರಟಿತು.

ನಿನ್ನ ಮಗಳನ್ನು ಉಳಿಸಿಕೊಂಡು ಅವಳ ಮಗನನ್ನು ಕಳಿಸಿದೆ ತಮ್ಮಾ. ಮುಂದಿನ ವಾರ ಇನ್ನಷ್ಟು ಜನ ಹೋಗುತ್ತಾರೆ.

ಕನ್ನಡಕನಿಗೆ ಏನನ್ನೂ ಹೇಳಿಲ್ಲ. ಹೇಳಿದರೆ ನಿನ್ನ ಪತ್ರ ಕೇಳುತ್ತಾನೆ, ಅದರಿಂದ ಒಂದು ಸಾಲು ಎತ್ತಿ ಹಾಕುತ್ತಾನೆ. ಭಾನುವಾರ ಅವನ ಸಹಿ ಬಿದ್ದ ಮೇಲೆ, ಬಣ್ಣ ಹೊಂದಿಸಲು ಪುಟ ಕೊನೆಯದಾಗಿ ನನ್ನ ಮೇಜಿಗೆ ಬರುತ್ತದೆ. ಆಗ ಕೆಂಪು ಹಚ್ಚುತ್ತೇನೆ. ಬೆಳಿಗ್ಗೆ ನನ್ನ ಕೆಲಸ ಹೋಗುತ್ತದೆ, ಹೋಗಲಿ.

ಸೋಮವಾರ ಮಧ್ಯಾಹ್ನದವರೆಗೆ ಪತ್ರಿಕೆ ನಿಮ್ಮೂರಿಗೆ ಬರುವುದಿಲ್ಲ. ಅಷ್ಟರಲ್ಲಿ ನೀನು ಅಲ್ಲಿರಬಾರದು. ಶನಿವಾರ ಮೂರು ಗಂಟೆಯ ಬಸ್ಸು. ಅಚ್ಚಿನ ಪುಡಿ ತರಲು ಹೋಗುತ್ತೇನೆ ಎಂದು ಬೆಂಚಿನವನಿಗೆ ಹೇಳು, ಬಿಳಿ ಕೋಟಿನಲ್ಲೇ ಹತ್ತು. ಹೇಳದೆ ಕೇಳದೆ ಹೀಗೆ ಮಾಡುತ್ತಿದ್ದೇನೆ. ಬಂದು ನನ್ನ ಮುಂದೆ ನಿಂತು ಬೈಯಿ.

ಅಕ್ಕ


ಮೇ 5

ಅಕ್ಕಾ,

ನಿನ್ನ ಚೀಟಿ ಈಗ ಸಿಕ್ಕಿತು. ಶನಿವಾರ ಸಿಗಲಿಲ್ಲ. ಅವತ್ತು ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತು, ಹಿಂದಕ್ಕೆ ಎಳೆದುಕೊಂಡು ಹೋದರಂತೆ. ನಿನ್ನ ಚೀಟಿಯನ್ನೂ ಇವತ್ತಿನ ಪತ್ರಿಕೆಯ ಕಟ್ಟನ್ನೂ ಚಾಲಕ ಒಟ್ಟಿಗೇ ತಂದಿದ್ದಾನೆ.

ಅವನೀಗ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾನೆ. ಕೆಲಸ ನಡೆದಿದೆ ಎಂದು ಹೊರಗೆ ಕೇಳಲಿ ಅಂತ ಹಲ್ಲು ಕೊರೆಯುವ ಯಂತ್ರವನ್ನು ಗಾಳಿಯಲ್ಲಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಪಾಪ, ಚಾಲಕನ ಕಣ್ಣಲ್ಲಿ ನೀರು. ನೋವಿಗಲ್ಲ.

ಕೆನ್ನೆ ಹಿಡಿದು ಕೂರುವವನು ಹೊರಗೆ ಬೆಂಚಿನ ಮೇಲಿದ್ದಾನೆ. ಕೈಯಲ್ಲಿ ಪತ್ರಿಕೆ ಇದೆ. ಬಾಗಿಲ ಸಂದಿಯಿಂದ ಕಾಣುತ್ತದೆ, ಇನ್ನೂ ಮೊದಲ ಪುಟದಲ್ಲಿದ್ದಾನೆ, ಏಳನೆಯದಕ್ಕೆ ಬಂದಿಲ್ಲ. ಒಂದೂ ಸಾಲು ಬಿಡದೆ, ತುಟಿ ಆಡಿಸುತ್ತ ಓದುವವನು.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂದುಕೊಂಡೆ, ಬರುತ್ತಿಲ್ಲ. ಪಂಜರದ ಹುಡುಗ ಗುರುವಾರ ಇಲ್ಲಿಗೆ ಬಂದಿದ್ದ, ಹಾಲುಹಲ್ಲು ಅಲ್ಲಾಡುತ್ತಿತ್ತು. ಅವನ ತಾಯಿಯ ಕಿವಿಯಲ್ಲಿ, ಮುಂದಿನ ಬಸ್ಸಿಗೇ ವಾಪಸು ಹೋಗಿ ಅಂದೆ. ಅವಳು ಚೀಲದಿಂದ ಆ ಪುಟ ತೆಗೆದು, ನನ್ನ ಮಾತನ್ನು ನನಗೇ ಓದಿ ಹೇಳಿದಳು. "ನೀವೇ ಹೇಳಿ ನೀವೇ ಹೆದರಿಸ್ತೀರಲ್ಲ ಡಾಕ್ಟ್ರೇ!" ಎಂದು ನಕ್ಕಳು. ಈಗ ಚಾಲಕ ಅವಳಿಗೆ ಇವತ್ತಿನ ಪುಟ ತೋರಿಸುತ್ತಾನೆ. ಮೂರು ಗಂಟೆಗೆ ಅವರನ್ನೂ ಇನ್ನು ಸಿಕ್ಕಿದವರನ್ನೂ ಹತ್ತಿಸಿಕೊಳ್ಳುತ್ತಾನೆ. ಕೆಂಪು ನೋಡಿದರೆ ನಂಬುತ್ತಾರೆ.

ನಾನು ಹತ್ತಲು ಆಗುತ್ತದೆಯೋ ನೋಡಬೇಕು. ಇರುವುದು ಒಂದೇ ಬಾಗಿಲು, ಅದರ ಪಕ್ಕದಲ್ಲೇ ಬೆಂಚು. ಕೋಟು ಹಾಕಿಕೊಂಡಿದ್ದೇನೆ. ಪುಡಿ ತರಬೇಕು ಎಂದು ಹೇಳಿ ನೋಡುತ್ತೇನೆ, ದನಿ ನಡುಗದಿದ್ದರೆ ಸಾಕು.

ಸೂಜಿಗೆ ನೀನೇ ಹೇಳು. ಅತ್ತೆ ಸುಳ್ಳು ಬರೆದದ್ದಲ್ಲ, ಅಪ್ಪ ನಿಜ ಬರೆಯಲಿಲ್ಲ ಎಂದು ಹೇಳು.

ಯಂತ್ರ ನಿಲ್ಲಿಸಿದೆ. ಚೀಟಿಯನ್ನು ಚಾಲಕನ ಕಾಲುಚೀಲದೊಳಗೆ ಇಡುತ್ತೇನೆ. ಹೊರಗೆ ಪುಟ ತಿರುವುವ ಸದ್ದೂ ನಿಂತಿದೆ. ಅವನು ಎದ್ದ ಹಾಗಿದೆ. "ಡಾಕ್ಟ್ರೇ" ಅನ್ನುತ್ತಿದ್ದಾನೆ, ಮೆಲ್ಲಗೆ, ನಿಜವಾಗಿ ನೋವಿರುವವರ ಹಾಗೆ.